ಸೋದರತ್ತೆಯ ಹೆಸರು

ಹೇಳಿನೋಡಿ: ಗೊಬ್ನಿತ್.
ಗೊಬ್ ಅನ್ನುವಾಗ ತುಟಿ ಮುಚ್ಚುತ್ತದೆ
ಅಡಿಗಲ್ಲಿನ ಮೇಲೆ ಸುತ್ತಿಗೆ ಬಿದ್ದ ಹಾಗೆ;
ನಿತ್ ಅನ್ನುವಾಗ ಕಾದ ಕಬ್ಬಿಣ
ನೀರಿಗಿಳಿದು ಸುಂಯ್‌ಗುಟ್ಟಿದ ಹಾಗೆ.

ಕಮ್ಮಾರ ಅನ್ನುವ ಹಳೆಯ ಐರಿಷ್ ಮಾತಿನ
ಹೊಟ್ಟೆಯಲ್ಲಿ ಹುಟ್ಟಿದ್ದು ಅಂತಾರೆ ಬಲ್ಲವರು.
ಕುಲುಮೆಯ ಹೆಸರು ಜೇನು ಕಾಯುವ ಸಂತಳಿಗೆ
ಹೇಗೆ ಬಂತು ಅಂದರೆ ಬಲ್ಲವರೂ ಕೆಮ್ಮುತ್ತಾರೆ.
ನಮ್ಮ ಬಲಿವೂರ್ನಿಯಲ್ಲಿ ಆ ತಕರಾರಿಲ್ಲ:
ದನ ಕದಿಯಲು ಬಂದವರ ಮೇಲೆ
ಆಕೆ ಗೂಡು ಬಿಚ್ಚಿದಳು, ಮುಗೀತು.
ಆಮೇಲೆ ಈ ಕಣಿವೆಯಲ್ಲಿ ಮನೆಗೊಬ್ಬಳು ಗೊಬ್ನಿತ್.
ದೊಡ್ಡ ಗೊಬ್ನಿತ್, ಸಣ್ಣ ಗೊಬ್ನಿತ್,
ಸೇತುವೆ ಕಡೆಯವಳು, ಎಡಚಿ,
ಗಂಡ ಸಮುದ್ರದಲ್ಲಿ ಹೋದವಳು.
ಬಾವಿಕಟ್ಟೆಯಲ್ಲಿ ಒಂದು ಸಲ ಕೂಗಿದರೆ
ಆರು ಬಕೆಟ್ಟು ನೆಲಕ್ಕಿಳಿದ ಸದ್ದು.

ನನ್ನ ಸೋದರತ್ತೆ ಅವರಲ್ಲಿ ಕೊನೆಯವಳು.
ಜ್ಞಾನಸ್ನಾನದ ಪುಸ್ತಕದಲ್ಲಿ, ಲ್ಯಾಟಿನ್ ಕಲಿತ ಪಾದ್ರಿಯ ಕೈಯಲ್ಲಿ,
ಅವಳು ಗೊಬ್ನೇತಾ.
ಶಾಲೆಯ ಹಾಜರಿಯಲ್ಲಿ ಅಬಿಗೈಲ್,
ಎತ್ತಣ ಮಾಮರ ಎತ್ತಣ ಕೋಗಿಲೆ!
ಲೀಡ್ಸ್ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ
ವಾರದ ಸಂಬಳದ ಲಕೋಟೆಯ ಮೇಲೆ ಡೆಬೊರಾ.
ಯಾರೋ ಗುಮಾಸ್ತ ಇಟ್ಟದ್ದು.
ಹೀಬ್ರೂವಿನಲ್ಲಿ ಹಾಗೆಂದರೆ ಜೇನ್ನೊಣ.
ಅವಳಿಗೆ ಎಪ್ಪತ್ತಾದಾಗ ನಾನು ಹೇಳಿದೆ;
ಹಲ್ಲುಸೆಟ್ಟು ಜಾರುವಷ್ಟು ನಕ್ಕಳು:
"ಹಂಗಾದ್ರೆ ಆ ಬಡ್ಡೀಮಗನಿಗೆ
ಸುಮ್ಮಸುಮ್ಮನೆ ಶಾಪ ಹಾಕಿದೆನಲ್ಲೇ, ಮೂವತ್ತು ವರ್ಷ."

ಕುಣಿತದ ಹಾಲಿನಲ್ಲಿ ಮಾತ್ರ ಒಮ್ಮೆ
ನಿಜವಾದ ಹೆಸರು ಹೇಳಿಬಿಟ್ಟಿದ್ದಳಂತೆ.
ಆ ಊರಿನ ಮಾತಿನಲ್ಲಿ ಅದರ ಮೊದಲರ್ಧ ಹೊಲಸು ಬಾಯಿ,
ಉಳಿದರ್ಧ ಹೇನಿನ ಸೀರು.
ಬೂಟು ಪಾಲಿಶ್ ಮಾಡಿಕೊಂಡು ಬಂದಿದ್ದ ಗಂಡಸು
ನಗುತ್ತ ನಗುತ್ತ ಗೆಳೆಯರನ್ನು ಕರೆದ.

ಹಾಗಾಗಿ ಅರವತ್ತೆರಡರಲ್ಲಿ ನಾನು ಹುಟ್ಟಿದಾಗ
ಅಪ್ಪನಿಗೆ ಕಾಗದ ಬಂತು:
ಕೂಸಿಗೆ ನನ್ನ ಹೆಸರಿಟ್ಟರೆ
ಕ್ರಿಸ್ಮಸ್ಸಿಗೆ ದುಡ್ಡು ಬರುವುದಿಲ್ಲ.

ನಾನು ಜಸಿಂತಾ ಆದೆ.
ಪೋರ್ಚುಗಲ್ಲಿನ ಜಪಮಾಲೆಗಳ ಜೊತೆ ಬಂದಿಳಿದ ಹೆಸರು,
ಹೂವಿನದ್ದು,
ಹೊಸ ಲಿನೋಲಿಯಂ ವಾಸನೆಯದ್ದು.
ತರಗತಿಯಲ್ಲಿ ನಾಲ್ವರು ಜಸಿಂತಾ,
ಮದ್ದಿಗೂ ಒಬ್ಬಳು ಗೊಬ್ನಿತ್ ಇಲ್ಲ.
ನಾವು ಬೀಗಿದ್ದೇ ಬೀಗಿದ್ದು.

ಈಗ ಮಗಳು ಬ್ಲಾನಿದ್‌ಗೆ ಎಂಟರಲ್ಲಿ ನಡೆಯುತ್ತಿದೆ.
ಅಡಿಗೆಮನೆಯ ಮೇಜಿನ ಮೇಲೆ
ಸರ್ಕಾರದ ಹೆಸರುಪಟ್ಟಿ ತೆರೆದು ಕೂತಿದ್ದಾಳೆ.
ವರ್ಷಕ್ಕೆ ಮೂವರಾದರೂ ಇಡದ ಹೆಸರಿನ ಮುಂದೆ
ಅಂಕಿಯಿಲ್ಲ, ಬರೀ ಚುಕ್ಕಿ.
ಗೊಬ್ನಿತ್: ಚುಕ್ಕಿ, ಚುಕ್ಕಿ, ಚುಕ್ಕಿ,
ಯಾರೂ ರಿಪೇರಿ ಮಾಡಿಸದ ನಲ್ಲಿ.
"ಇದೇ," ಅಂದಳು.
"ಹುಚ್ಚೇ ನಿನಗೆ? ಶಾಲೆಯಲ್ಲಿ ಚರ್ಮ ಸುಲಿಯುತ್ತಾರೆ."
"ಈಗ ಯಾರೂ ನಗಲ್ಲಮ್ಮ ಅದಕ್ಕೆ.
ನಗೋದಾದ್ರೆ..." ಅಂತ ತಡೆದಳು.
ಕೆಟಲ್ ಟಕ್ಕೆಂದು ತಾನಾಗೇ ಆರಿತು.
"ನಗೋದಾದ್ರೆ ಏನು?"
"ಜಸಿಂತಾ ಅಂದ್ರೆ ನಗ್ತಾರೆ."

ಫೆಬ್ರವರಿ ಹನ್ನೊಂದಕ್ಕೆ ಚರ್ಚಿನಲ್ಲಿ
ಸಂತಳ ಮರದ ಬೊಂಬೆ ಹೊರತೆಗೆದರು.
ಎಷ್ಟು ಸವೆದಿದೆಯೆಂದರೆ
ಮೂಗೆಲ್ಲಿ ಎಂದು ನಂಬಿಕೆಯಿಂದಲೇ ಹುಡುಕಬೇಕು.
ಸಾಲಿನಲ್ಲಿ ನಿಂತು ನಾನೂ ರಿಬ್ಬನ್ ಅಳೆದೆ,
ಉದ್ದಕ್ಕೊಮ್ಮೆ, ಸುತ್ತಲೊಮ್ಮೆ,
ಬಸಿರಿಯ ಬೆನ್ನುನೋವಿಗೆ.
ಉಳಿದ ತುಂಡು ಕೋಟಿನ ಜೇಬಿನಲ್ಲಿಟ್ಟು
ಗುಡ್ಡ ಹತ್ತಿದೆ, ಮಂಡಿ ಬೈಯುತ್ತಿದ್ದರೂ.

ಅತ್ತೆಯ ಗೋರಿಗಲ್ಲಿನ ಮೇಲೆ ಡೆಬೊರಾ ಅಂತಲೇ ಇದೆ,
ಪಿಂಚಣಿ ಕಾಗದದಲ್ಲಿ ಇದ್ದ ಹಾಗೆ.
ಅತ್ತಿತ್ತ ನೋಡಿದೆ, ಯಾರೂ ಇರಲಿಲ್ಲ.
ನಿಜವಾದ ಹೆಸರು ಹಿಡಿದು ಕರೆದೆ.
ಅತ್ತೆ, ಅವಳು ನನ್ನ ಮಾತು ಕೇಳುತ್ತಿಲ್ಲ.
ಬೇಕಾದರೆ ನೀನು
ಕ್ರಿಸ್ಮಸ್ಸಿನ ದುಡ್ಡು ನಿಲ್ಲಿಸಿಬಿಡು.