ಹದಿನೆಂಟನೇ ಕೂದಲು

ಬಾಟಲಿ ಬಂದದ್ದು ಮಂಗಳವಾರ, ಧಾರವಾಡದಿಂದ,
ಮೇಡಂ ತೊಡಿ ಮ್ಯಾಲೆ ಕುಂತು,
ತಿಂಡಿ ಡಬ್ಬಿಯೊಳಗ ಹತ್ತಿ ಸುತ್ತಿಕೊಂಡು.
ಅಣ್ಣಿಗೇರಿ ದಾಟೂಮುಂದ ಒಮ್ಮೆ ಉರುಳಿತ್ತಂತ,
ಬಸ್ಸಿನ ಮಂದಿ ಉಪ್ಪಿನಕಾಯಿ ಅಂದ್ಕೊಂಡರಂತ.

ನಾ ಬೆಟಗೇರಿಯವ. ಸೀರಿ ಅಂಚಿಗೆ
ಚೌಕಳಿ ಹಾಳಿ ಮ್ಯಾಲೆ ಚುಕ್ಕಿ ತುಂಬಾವ.
ಒಂದು ಚೌಕ, ಒಂದು ಎಳಿ.
ಒಂದು ತಪ್ಪಿದರ ಮಗ್ಗದಾಗ ನವಿಲಿನ ಕುತ್ತಿಗಿ ಮುರೀತೈತಿ.
ಕಂಪ್ಯೂಟರ್ ಬಂದ ಮ್ಯಾಲೆ ಕೈಗೆ ಕೆಲಸ ಕಡಿಮಿ.
ಕಣ್ಣು ಮಾತ್ರ ಎಣಿಸೂದು ಬಿಟ್ಟಿಲ್ಲ:
ಕಿಟಕಿ ಸರಳು, ಜಿಲೇಬಿ ಸುತ್ತು,
ಸಾಲ ಕೇಳಾಕ ಬಂದವರ ಹಲ್ಲು.

"ಹುಚ್ಚೀರಪ್ಪ, ಇದರ ಚಿತ್ರ ಬೇಕು" ಅಂದ್ರು
ಡಾಕ್ಟರ್ ಜೈಬುನ್ನಿಸಾ ಮೇಡಂ.
ಕಡ್ಲಿ ಬ್ಯಾಳಿಯಷ್ಟು ಮೈ.
ಅಕ್ಕಿ ತೊಳದ ನೀರಿನ ಬಣ್ಣ.
ಕಣ್ಣಿಲ್ಲ. ಕಣ್ಣಿರಬೇಕಾದಲ್ಲಿ
ನುಣ್ಣಗ, ಯಾರೂ ಮುಟ್ಟದ ಹಾಳಿ.

ಎಷ್ಟು ಆಳದಾಗ ಇತ್ರಿ?
ಮೂರೂವರಿ ಸಾವಿರ ಮೀಟರು.
ನಾ ಸಮುದ್ರ ನೋಡಿದಾವಲ್ಲ; ನನ್ನ ಅಳತಿ ಬ್ಯಾರೆ.
ಆರು ವಾರದ ಸೀರಿ ಗಂಟು ಹಾಕ್ಕೋತ ಇಳಿಬಿಟ್ಟರ
ಆರುನೂರಾ ಮೂವತ್ತೆಂಟು ಬೇಕು.
ಗಂಟಿನ ಲೆಕ್ಕ ಬಿಟ್ಟು.
ಕೊನೀ ಸೆರಗು ಆ ಕೆಸರು ಮುಟ್ಟತೈತಿ,
ಅದರ ಬಣ್ಣ ಯಾವುದಂತ ಅಲ್ಲಿ
ಕೇಳಾವರು ಯಾರೂ ಇಲ್ಲ.

ಸೂಕ್ಷ್ಮದರ್ಶಕದಾಗ ಕಣ್ಣು ಇಟ್ಟೆ.
ನನ್ನ ರೆಪ್ಪಿನೇ ಮೊದಲು ಕಂಡದ್ದು, ತೊಲಿಯಷ್ಟು ದಪ್ಪ.
ಆಮ್ಯಾಲೆ ಕಾಲು. ಕಾಲಿಗೆ ಕೂದಲು,
ಜರಿಕಿಂತ ಸಣ್ಣ, ಸಾಲಾಗಿ.
ಹಳೇ ಪುಸ್ತಕದಾಗ ಇದರ ದಾಯಾದಿಯ ಚಿತ್ರ ಇತ್ತು:
ಮೂರನೇ ಕಾಲಿಗೆ ಹದಿನಾರು.
ನನಗ ಹದಿನೆಂಟು ಬಂದುವು.

"ಧೂಳು ಇರಬೇಕು."
"ಧೂಳಿಗೆ ಬುಡ ಇರೂದಿಲ್ರಿ ಮೇಡಂ."

ಅವರು ನೋಡಿದರು. ನೋಡಿಕೋತ ಕುಂತರು.
ಚಹಾದ ಮ್ಯಾಲೆ ಕೆನಿ ಕಟ್ಟಿತು, ಕೆನಿ ಮ್ಯಾಲೆ ನೊಣ ಕುಂತಿತು.
ಎರಡನೇ ಬಾಟಲಿ ತಗದರು. ಹದಿನೆಂಟು.
ಮೂರನೇದು. ಹದಿನೆಂಟು.
ಹಿಂದಿನ ಓಣ್ಯಾಗ ಮಗ್ಗ ಖಟಕ್ ಖಟಕ್ ಅಂತಿತ್ತು.
ಮಲಗಿದ ಕೂಸು ಎದ್ದೀತು ಅನ್ನೂಹಂಗ
ಸಣ್ಣ ದನಿಯಾಗ ಅಂದ್ರು:
"ಹುಚ್ಚೀರಪ್ಪ, ಇದಕ್ಕ ಇನ್ನೂ ಹೆಸರಿಲ್ಲ."

ಹೊಸದು ಅಂದ್ರು. ಹೊಸದು ಯಾರಿಗೆ?
ಅದರವ್ವಗ ಗೊತ್ತಿರಲಿಲ್ಲೇನು,
ಕತ್ತಲದಾಗ ಕಾಲಿಗೆ ಕಾಲು ತಾಗಿದಾಗ,
ಹದಿನೆಂಟು ಅಂತ?

ಹೆಸರು ಇಡಾಕ ಒಂದು ಹೆಣ ಬೇಕಂತ. ಕಾಯಿದೆ ಹಂಗೈತಿ.
"ಇದೇ ಅದು" ಅಂತ ತೋರಸಾಕ
ಒಂದನ್ನ ಸ್ಪಿರಿಟ್ಟಿನ್ಯಾಗ ಕಾಯಂ ಇಡಬೇಕು,
ಮುಂದ ಯಾರರ ವಾದ ಮಾಡಿದರ ಅದೇ ಸಾಕ್ಷಿ.
ಮೇಡಂ ಮೊದಲನೇದನ್ನ ಆರಿಸಿದರು.
ಅದರ ಬಲಗಡೆ ಐದನೇ ಕಾಲು ಬಲಿಯೊಳಗ ಹರಿದುಹೋಗಿತ್ತು.

"ಎಡಗಡೇದು ನೋಡಿ ತುಂಬಲೇನ್ರಿ?"
ಸೀರಿ ಅಂಚಿನ್ಯಾಗ ನಾವು ಮಾಡೂದೇ ಅದು,
ಅರ್ಧ ಬರದು, ಮಡಚಿ, ಇನ್ನರ್ಧ ಒತ್ತೂದು.
"ಬ್ಯಾಡ. ಇರದಿದ್ದಕ್ಕ ಚುಕ್ಕಿ ಗೆರಿ ಹಾಕು."

ನಲವತ್ತು ವರ್ಷ ಚುಕ್ಕಿ ಇಟ್ಟೀನಿ,
ಆಗಬೇಕಾದ ಹೂವಿಗೆ, ಆಗಬೇಕಾದ ಗಿಳಿಗೆ.
ಹೋದದ್ದಕ್ಕ ಇಟ್ಟದ್ದು ಅದೇ ಮೊದಲು.
ನಿಬ್ಬು ನಡಗಿತು. ಒಂದು ಚುಕ್ಕಿ ದಪ್ಪ ಬಿತ್ತು,
ಅದು ಹಂಗೇ ಅಚ್ಚಾಗೇತಿ.

ಬಾಟಲಿ ಹೊಳ್ಳಿ ಧಾರವಾಡಕ್ಕ ಹೋತು.
ಆ ರಾತ್ರಿ ಉಳದ ಚೌಕಳಿ ಹಾಳಿ ಮ್ಯಾಲೆ
ಅದನ್ನ ಅಂಚು ಮಾಡಿದೆ. ಸುಮ್ನ. ಯಾರೂ ಕೇಳಿರಲಿಲ್ಲ.
ತಿಪ್ಪಣ್ಣ ಹಾಳಿ ಹಿಡದು ಲೈಟಿಗೆ ಒಡ್ಡಿ ಕೇಳಿದ:
"ಇದೇನೋ, ಬಾಚಣಕಿ?"
"ಹೂಂ, ಬಾಚಣಕಿ."
ಒಂದೇ ಸೀರಿ ನೇದ. ಕುಂಕುಮ ಒಡಲು, ಬೂದಿ ಬಣ್ಣದ ಅಂಚು.
ಮುಂಡರಗಿ ಕಡೇ ಯಾರೋ ಒಯ್ದರಂತ.

ಐದನೇ ಕಾಲು ಮಾತ್ರ
ಮಗ್ಗಕ್ಕ ಹೆಂಗ ಹೇಳಬೇಕೋ ತಿಳೀಲಿಲ್ಲ.
ಮಗ್ಗದಾಗ ಎಳಿ ಇರತೈತಿ,
ಇಲ್ಲಾ, ಇರೂದಿಲ್ಲ.