ಬುಧವಾರ, ಹತ್ತರಿಂದ ನಾಲ್ಕು

ಮಾಚೇನಹಳ್ಳಿಯ ಎರಡನೇ ಶೆಡ್ಡಿನ ಬೀಗದ ಕೈ
ಈಗ ನನ್ನ ಸೊಂಟದಲ್ಲಿ.
ಹೊಸ ಆದೇಶ ಬಾಗಿಲಿಗೆ ಅಂಟಿಸಿದೆ:
ಬುಧವಾರ, ಹತ್ತರಿಂದ ನಾಲ್ಕು, ಸಾರ್ವಜನಿಕರಿಗೆ ಪ್ರವೇಶ.
ನೋಡಬಹುದು. ಮುಟ್ಟಬಹುದು.
ಕದಲಿಸುವಂತಿಲ್ಲ.

ಒಳಗೆ ಏನಿದೆ ಅಂತ ಕೇಳಿದರೆ
ಕಲ್ಲು ಅನ್ನುತ್ತೇನೆ.
ಕಬ್ಬಿನ ಜಲ್ಲೆಯಷ್ಟು ದಪ್ಪ, ಮೊಳಕ್ಕೊಂದು ತುಂಡು,
ತಗಡಿನ ಪೆಟ್ಟಿಗೆಗಳಲ್ಲಿ ಐದೈದು ಸಾಲು.
ಗೋಡೆಯಿಂದ ಗೋಡೆಗೆ ಹನ್ನೊಂದು ಸಾವಿರ ಮೀಟರು ನೆಲದಾಳ
ಅಡ್ಡ ಮಲಗಿದೆ.
ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಗುವವರಿಗೆ,
ಇಲಿ ಇಲ್ಲಿಲ್ಲ ಸ್ವಾಮಿ,
ಅಗೆದ ಬೆಟ್ಟವೇ ಇದೆ.

ಮೊದಲ ನಾಲ್ಕು ಬುಧವಾರ ಬಂದದ್ದು ಒಂದು ನಾಯಿ.
ಐದನೆಯದಕ್ಕೆ ಬೋರ್‌ವೆಲ್ ಏಜೆಂಟ್ ಸಮೀವುಲ್ಲಾ:
'ನೀರು ಎಷ್ಟಡಿಗೆ ಸಿಕ್ಕಿತ್ತು, ಬರೆದಿದೆಯಾ?'
ನೀರನ್ನು ಪೆಟ್ಟಿಗೆಗೆ ತುಂಬಿಲ್ಲ ಮಾರಾಯ್ರೆ, ಅಂದೆ.
ಆದರೂ ಮೇಡಂ ತೋರಿಸಿದರು, ಬಿರುಕಿನಲ್ಲಿ ತುಕ್ಕು ಹಿಡಿದ ಜಾಗ,
ನೀರು ಓಡಾಡಿದ ಹೆಜ್ಜೆ.
ಆತ ಫೋಟೊ ಹೊಡೆದುಕೊಂಡು ಹೋದ.

ಕಾಲೇಜಿನ ಹುಡುಗಿಯರು ಬಂದು ಕಲ್ಲನ್ನು ನೆಕ್ಕಿದರು.
ಹಾಗೇ ಕಲಿಯುವುದಂತೆ.
ನಾನು ಮುಖ ತಿರುಗಿಸಿದೆ.
ಸಂಜೆ ಯಾರೂ ಇಲ್ಲದ್ದು ನೋಡಿ ಒಂದನ್ನು ನಾನೂ ನೆಕ್ಕಿದೆ:
ಹಳೆ ಬಾವಿಹಗ್ಗದ ರುಚಿ.

ಮೊನ್ನೆ ಬಂದವರು ಹುಚ್ಚರಾಯಪ್ಪ.
ಊರು ಶಿಕಾರಿಪುರದ ಹತ್ತಿರ. ವಯಸ್ಸು ಎಪ್ಪತ್ತೋ ಏನೋ.
ಉದ್ದೇಶ ಎಂಬ ಕಾಲಮ್ಮಿಗೆ ಬಂದಾಗ
ಪೆನ್ನು ನನಗೇ ಕೊಟ್ಟರು:
'ನೋಡಾಕೆ ಅಂತ ಬರಿಯವ್ವ.'

ಯಾವ ನಂಬರು ಅಜ್ಜ?
ನಂಬರು ಗೊತ್ತಿಲ್ಲ. 'ಕುಂಸಿ ಕಡೆ. ಹಲಸಿನ ಮರದಿಂದ ಎಂಟು ಹೆಜ್ಜೆ.
ಇಂಜಿನ್ನಿಗೆ ಹೊಟ್ಟೆನೋವು ಬಂದ ವರ್ಷ.'
ನಮ್ಮ ಪಟ್ಟಿಯಲ್ಲಿ ಅಕ್ಷಾಂಶ ಇದೆ, ರೇಖಾಂಶ ಇದೆ,
ಹಲಸಿನ ಮರ ಇಲ್ಲ.
ಕುಂಸಿಯ ಹದಿನಾಲ್ಕು ರಂಧ್ರಗಳ ಪೆಟ್ಟಿಗೆಗಳನ್ನು
ಊಟ ಬಿಟ್ಟು ಒಂದೊಂದಾಗಿ ಇಳಿಸಿದೆವು.

ಒಂಬತ್ತನೆಯದರಲ್ಲಿ ಅವರ ಬೆರಳು ನಿಂತಿತು.
ಕಲ್ಲಿನ ಮೇಲೆ ಕೆಂಪು ಎನಾಮೆಲ್ ಬಾಣ,
ಬಾಲ ಸ್ವಲ್ಪ ಡೊಂಕು.
'ಇದು ನನ್ ಕೈ.'

ಆಮೇಲೆ ಬಹಳ ಹೊತ್ತು ಕೆಮ್ಮಿದರು.

ಅವತ್ತು ಜ್ವರ ಇತ್ತಂತೆ. ರಾತ್ರಿ ಪಾಳಿ.
ಕೊಳವೆಯಿಂದ ಜಾರಿದ ಮೂರು ಮೀಟರನ್ನು
ತಲೆ ಕೆಳಗೆ, ಕಾಲು ಮೇಲೆ ಮಾಡಿ ಜೋಡಿಸಿ
ಬಾಣ ಎಳೆದುಬಿಟ್ಟರು.
ಬೆಳಿಗ್ಗೆ ಗೊತ್ತಾಯಿತು. ಹೇಳಿದ್ದರೆ ಕೂಲಿ ಹೋಗುತ್ತಿತ್ತು.
ಸಾಹೇಬರು ಅದನ್ನೇ ಓದಿ ಬರೆದುಕೊಂಡರು,
ಬರೆದದ್ದು ಎಲ್ಲಿಗೆ ಹೋಯಿತೋ.
ಮೂವತ್ತೊಂದು ವರ್ಷದಲ್ಲಿ ಮೂರು ಸಲ ಬಂದಿದ್ದರಂತೆ,
ಗೇಟಿನಿಂದಲೇ ವಾಪಸ್ಸು.
'ತಿರುಗಿಸಿ ಇಟ್ಟು ಹೋಗ್ತೀನಿ ತಾಯಿ. ಎರಡು ನಿಮಿಷ.'

ಕದಲಿಸುವಂತಿಲ್ಲ.
ಆದೇಶ ಅಂಟಿಸಿದವಳು ನಾನೇ,
ಅಂಟು ನಮ್ಮ ಮನೆಯ ಗಂಜಿ.

ಮೇಡಂ ಬಂದರು. ಬೈಯಲಿಲ್ಲ.
ಒದ್ದೆ ಬಟ್ಟೆ ಎಳೆದರು. ಬೂದಿಬಣ್ಣದ ಕಲ್ಲಿಗೆ
ಹಸಿರು ಬಂತು, ಪಟ್ಟೆ ಬಂತು.
'ಅಕ್ಕಿ ಗಾಳಿಸಿದ್ದೀರಲ್ಲ,' ಅಂದರು ನನಗೆ,
'ಹರಳು ತಳಕ್ಕೆ ಕೂರುತ್ತೆ, ಹಗುರದ್ದು ಮೇಲೆ.
ಆ ಕಾಲದ ನೀರೂ ಹಾಗೇ ಕೂರಿಸಿ ಹೋಗಿದೆ.
ಇಲ್ಲಿ ನೋಡಿ, ಹರಳು ಮೇಲಿದೆ.'
ಕನ್ನಡಕ ತೆಗೆದು ಒರೆಸಿದರು.
'ಅಜ್ಜ ಹೇಳೋದು ನಿಜ.'

ಆದರೂ ತಿರುಗಿಸಲಿಲ್ಲ. ತಪ್ಪೂ ದಾಖಲೆಯಂತೆ.
ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಬಹುದಂತೆ.
ಹುಚ್ಚರಾಯಪ್ಪನವರಿಗೆ ಬರೆಯಲು ಬರುವುದು ಎರಡೇ,
ಅಂಕಿ ಮತ್ತು ಬಾಣ.
ಎಂಬತ್ತೇಳು, ತೊಂಬತ್ತು ಅಂತ ಬರೆದು
ಹಳೆ ಬಾಣಕ್ಕೆ ಎದುರಾಗಿ ಇನ್ನೊಂದು ಎಳೆದರು.
ಇದರ ಬಾಲವೂ ಡೊಂಕು.

ಹೊರಡುವಾಗ ಕೇಳಿದರು, ಆ ಹಲಸು ಈಗಲೂ ಇದೆಯಾ ಅಂತ.
ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹೋದ ವೇಳೆ ಮೂರೂ ನಲವತ್ತು.
ಬೀಗ ಹಾಕುವ ಹೊತ್ತಿಗೆ ಕಲ್ಲು ಒಣಗಿ
ಮತ್ತೆ ಬೂದಿಯಾಗಿತ್ತು.
ರಿಜಿಸ್ಟರಿನಲ್ಲಿ ಅವರ ಸಾಲಿನ ಕೊನೆಗೆ
ಉದ್ದೇಶ: ನೋಡಾಕೆ.
ಹಾಗೇ ಬಿಟ್ಟಿದ್ದೇನೆ.