ಹಾರಿಸ್‌ಗೆ ಕೇಳಿಸದ ಹಾಗೆ

ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನ ಬೆಲ್ ಒತ್ತುವವರು ಮೂರೇ ಜನ:
ಗ್ಯಾಸಿನವನು, ಬಾಡಿಗೆಯವನು, ನೀರಿನ ಕ್ಯಾನಿನ ಹುಡುಗ.
ಇವರು ಒತ್ತಲಿಲ್ಲ.
ಬೆರಳ ಗೆಣ್ಣಿನಲ್ಲಿ ಎರಡೇ ಸಲ ತಟ್ಟಿದರು,
ಗೇಟಿನಲ್ಲಿ ಕುರ್ಚಿ ಹಾಕಿ ಕೂತ ಮಿಸ್ರಿ ಹಾರಿಸ್‌ಗೆ
ಕೇಳಿಸದ ಹಾಗೆ.

ನೈಟ್ ಡ್ಯೂಟಿ ಮುಗಿಸಿ ಬಂದು
ಉಪ್ಪುನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದೆ.
ಒದ್ದೆ ಹೆಜ್ಜೆಯಲ್ಲೇ ಹೋಗಿ ತೆಗೆದೆ.

ರಾನ್ನಿಯ ಶೋಶಮ್ಮ, ಬಿಳಿ ಸೀರೆ, ಬರಿಗೊರಳು.
ಹಿಂದೆ ಕಡಪದ ದೀವೆನಮ್ಮ, ಯಾರದೋ ಮನೆಯ ಕೆಲಸದವಳು,
ವಾರದ ಮೂರು ಗಂಟೆ ರಜೆಯಲ್ಲಿ ಬಂದವಳು.
ಮಂಗಾಫಿನ ಒಂದು ಬಾತ್‌ಟಬ್ಬಿನಲ್ಲಿ ಮುಳುಗಿ ಎದ್ದ ದಿನ
ಓಲೆ ಬಿಚ್ಚಿಟ್ಟಳಂತೆ; ಕಿವಿಯ ತೂತು ಇನ್ನೂ ಮುಚ್ಚಿಲ್ಲ.

“ಸಿಸ್ಟರ್, ನೀವು ಉಳಿದಿದ್ದೀರಾ?”
ಮಲಯಾಳದ ಹಿಂದಿಯಲ್ಲಿ ಕೇಳಿದರು ಶೋಶಮ್ಮ.
ಏಳನೇ ಬೆಡ್ಡಿನವನೂ ರಾತ್ರಿ ಅದನ್ನೇ ಕೇಳಿದ,
ಬೆಳಿಗ್ಗೆ ರೌಂಡ್ಸಿಗೆ ಡಾಕ್ಟರ್ ಬರಲಿ ಎಂದಿದ್ದೆ, ಎಂದೆ.
ಅವರು ನಗಲಿಲ್ಲ.

ಸೂಪರ್‌ಮಾರ್ಕೆಟ್ಟಿನ ಚೀಲದ ಬೈಂಡು ಹಾಕಿದ ಬೈಬಲ್ಲು,
ಕೆಂಪು ಗೆರೆ, ನೀಲಿ ಗೆರೆ, ಅಂಚಿನಲ್ಲಿ ಇರುವೆಯಕ್ಷರ.
ನನ್ನದು ಕೊಂಕಣಿಯದ್ದು, ಮದುವೆಗೆ ಕೊಟ್ಟದ್ದು,
ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ.
ಅದನ್ನು ತೆಗೆಯಲು ಏಳಲಿಲ್ಲ ನಾನು.

ಫ್ರಿಜ್ಜಿನ ಮೇಲಿನ ಮಾತೆಯ ಕಡೆ ಬೆರಳು ತೋರಿಸಿದರು.
ಪ್ಲಾಸ್ಟರಿನದು, ಮೂಗು ಮುರಿದು ಅಂಟಿಸಿದ್ದು.
ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು
ಟವೆಲ್ ಬಿಚ್ಚಿ ಎತ್ತಿ ನೋಡಿ
“ಮರ್ಯಮ್?” ಎಂದ.
ಹೂಂ ಎಂದೆ.
ನಾನು ಸುತ್ತಿದ್ದಕ್ಕಿಂತ ಚೆನ್ನಾಗಿ ಸುತ್ತಿ ಕೊಟ್ಟ.
ನೀವು ಅವನಿಗಿಂತ ಖಡಕ್ಕಾದಿರಲ್ಲ, ಎಂದೆ.

“ಐವತ್ತು ಸಲ ಒಂದೇ ಮಾತು! ದೇವರಿಗೇನು ಕಿವುಡೇ?”
ಹನ್ನೆರಡು ವರ್ಷದಿಂದ ಮಗಳಿಗೆ ಫೋನಿನಲ್ಲಿ
ನನ್ನದೂ ಒಂದೇ ಮಾತು, ಊಟ ಆಯ್ತಾ.
ಹಾಸ್ಟೆಲಿನ ಹುಡುಗಿ, ಎಂದಾದರೂ ಬೇಜಾರು ಅಂದಳೇ?
(ಅಂದಿದ್ದಳು, ಒಮ್ಮೆ.
ಅದನ್ನು ಇವರಿಗೆ ಹೇಳಲಿಲ್ಲ.)

ಶೋಶಮ್ಮ ಬಾತ್‌ರೂಮಿಗೆ ಹೋದರು.
ಅಷ್ಟು ಹೊತ್ತು ಗೋಡೆಯಂತಿದ್ದ ದೀವೆನಮ್ಮ
ಬಗ್ಗಿ, ತೆಲುಗಿನಲ್ಲೇ, ಬಿಸಿಯುಸಿರಿನಲ್ಲಿ:
“ಅಕ್ಕಾ, ಕಳೆದದ್ದನ್ನು ಹುಡುಕಿ ಕೊಡುವ ಸ್ವಾಮಿ
ನಿಮ್ಮಲ್ಲಿ ಒಬ್ಬರು ಇದ್ದಾರಂತೆ?”
ಇದ್ದಾರೆ, ಸಂತ ಅಂತೋನಿ. ಏನು ಕಳೆಯಿತು?
“ಪಾಸ್‌ಪೋರ್ಟು.”
ಎಲ್ಲಿ?
“ಬಾಬಾನ ಕಪಾಟಿನಲ್ಲಿ.
ಮೇಲಿನ ಖಾನೆ. ಬೀಗ ಇದೆ.”

ನನ್ನ ಧರ್ಮೋಪದೇಶದ ಪುಸ್ತಕದಲ್ಲಿ
ಇದಕ್ಕೆ ಪಾಠ ಇರಲಿಲ್ಲ.
ಇರುವ ಜಾಗ ಗೊತ್ತಿದ್ದೂ ಕೈಗೆ ಬಾರದ್ದನ್ನು
ಕಳೆದದ್ದು ಅನ್ನಬಹುದೇ?
ಬೀಗ ಮುರಿಯುವುದು ಅಂತೋನಿಯ ಕೆಲಸವೇ?

ಅವರದೇ ಕರಪತ್ರದ ಬೆನ್ನಿನಲ್ಲಿ
ನಮ್ಮ ಎಂಬಸಿಯ ನಂಬರು ಬರೆದೆ.
ಅದರ ಕೆಳಗೆ, ಯಾಕೋ,
‘ಹದಿಮೂರು ಮಂಗಳವಾರ’ ಎಂದೂ ಬರೆದೆ.
ಕುಪ್ಪಸದೊಳಗೆ ತುರುಕಿಕೊಂಡಳು.

ಹೋಗುವ ಮುಂಚೆ ಶೋಶಮ್ಮ
ನನ್ನ ತಲೆಯ ಮೇಲೆ ಕೈಯಿಡಲೇ ಎಂದರು. ಇಡಿ ಎಂದೆ.
ಅನ್ಯಭಾಷೆ ಉಕ್ಕಿತು; ಗೇಟು ನೆನಪಾಯಿತು; ತಗ್ಗಿತು.
ಈ ಊರಿನಲ್ಲಿ ಪವಿತ್ರಾತ್ಮನೂ
ಪಿಸುಗುಟ್ಟಿಯೇ ಇಳಿಯಬೇಕು.
ಅವರ ಅಂಗೈ ಬೆವತಿತ್ತು. ನರ್ಸಿನ ಚಾಳಿ,
ನಾಡಿ ಎಣಿಸಿದೆ: ನೂರಾ ಎಂಟು.
ಬಿ.ಪಿ. ನೋಡಿಸಿಕೊಳ್ಳಿ ಅಮ್ಮಚ್ಚೀ, ಎಂದೆ.
“ಕರ್ತನು ನೋಡಿಕೊಳ್ಳುತ್ತಾನೆ.”
ಅವನೂ ನೋಡಲಿ, ಮಾತ್ರೆಯೂ ಇರಲಿ.
ಆಗ ನಕ್ಕರು.

ಲಿಫ್ಟು ಬೇಡವೆಂದು ಮೆಟ್ಟಿಲಲ್ಲಿ ಇಳಿದರು, ಚಪ್ಪಲಿ ಕೈಯಲ್ಲಿ.
ಬಕೆಟ್ಟಿನ ನೀರು ತಣ್ಣಗಾಗಿತ್ತು.

ಇವತ್ತು ಆರನೆಯ ಮಂಗಳವಾರ.
ಅವಳು ಎಣಿಸುತ್ತಿದ್ದಾಳೋ ಇಲ್ಲವೋ,
ಎಣಿಸುವುದು ನನಗೆ ಅಭ್ಯಾಸ.
ಬೆಲ್ ಆಯಿತು.
ಗ್ಯಾಸಿನವನು.